ಹಳದಿ ಟ್ಯೂಬಿನ ರಕ್ತ

ಮೂವತ್ತು ವರ್ಷಗಳ ಹಿಂದೆ, ಸಾಯುತ್ತಿದ್ದ ತಾಯಿಗೆ ದೊಡ್ಡಕ್ಕ ಮಾತು ಕೊಟ್ಟಿದ್ದಳು: ತಂಗಿಯನ್ನು ನಾಲ್ಕು ಜನರ ಮುಂದೆ ಎಂದೂ ಬಿಟ್ಟುಕೊಡುವುದಿಲ್ಲ. ಆ ತಂಗಿ ಈಗ ನಮ್ಮ ಆಸ್ಪತ್ರೆಯ ಮೂರನೇ ವಾರ್ಡಿನ ಮುಖ್ಯ ನರ್ಸ್. ದೊಡ್ಡಕ್ಕ ರಕ್ತ ತೆಗೆಯುವ ಕೋಣೆಯ ಮುಖ್ಯಸ್ಥೆ. ಆಸ್ಪತ್ರೆಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಓಡಿಬರುತ್ತಿದ್ದುದು ಅವಳ ಬಳಿಗೆ. ನಾನು ಅವಳ ಪಕ್ಕದ ಮೇಜಿನವಳು.

ಅಂದು ಓಡಿಬಂದವಳು ನಮ್ಮ ಕೋಣೆಯವಳೇ, ಅವಳಿ ಮಕ್ಕಳ ತಾಯಿ.

"ದೊಡ್ಡಕ್ಕ, ನನ್ನ ಕೆಲಸ ಹೋಯ್ತು. ಮೂರನೇ ವಾರ್ಡಿನ ಏಳನೇ ಮಂಚದ ಅಜ್ಜ ಐಸಿಯುನಲ್ಲಿದಾರೆ. ನಾನು ರಕ್ತ ಕೆಡಿಸಿದೆನಂತೆ."

ಅಜ್ಜನ ವರದಿಯಲ್ಲಿ ಪೊಟ್ಯಾಸಿಯಂ ಹೃದಯ ನಿಲ್ಲುವಷ್ಟಿತ್ತು. ಇಳಿಸಲು ಇನ್ಸುಲಿನ್ ಕೊಟ್ಟರು. ಸಕ್ಕರೆ ಕುಸಿದು ಅಜ್ಜ ಎಚ್ಚರ ತಪ್ಪಿದರು. ಇನ್ಸುಲಿನ್‌ಗೆ ಮುಂಚೆ ಇನ್ನೊಮ್ಮೆ ತೆಗೆದ ರಕ್ತದ ವರದಿ ತಡವಾಗಿ ಬಂತು: ಎಲ್ಲ ಸರಿಯಿತ್ತು.

"ಅತ್ತಿದ್ದು ಸಾಕು. ಏನೇನು ಮಾಡಿದೆ, ಹೇಳು."

"ಪೊಟ್ಯಾಸಿಯಂ ನೋಡೋ ಹಳದಿ ಟ್ಯೂಬು ಕಾಲು ಭಾಗ ತುಂಬೋ ಹೊತ್ತಿಗೆ ನರ ಕೈಕೊಡ್ತು. ಎರಡನೇ ಸಲ ಚುಚ್ಚಿ ನೇರಳೆ ಟ್ಯೂಬು ತುಂಬಿಸಿದೆ. ಒಬ್ಬರೇ ಮೂರನೇ ಸಲ ಚುಚ್ಚೋ ಹಾಗಿಲ್ಲವಲ್ಲ. ಹಳದಿ ಬೇರೆಯವರು ತೆಗೀಲಿ ಅಂತ ಚೀಟಿ ಬರೆದು, ಟ್ರೇ ವಾರ್ಡಿನ ಮೇಜಿನ ಮೇಲಿಟ್ಟೆ."

ದೊಡ್ಡಕ್ಕ ಲ್ಯಾಬಿಗೆ ಹೋಗಿ ಟ್ಯೂಬುಗಳ ಬಗ್ಗೆ ಕೇಳಿದಳು. ಅಲ್ಲಿನವನು ಗೊಣಗುತ್ತಲೇ ಉತ್ತರಿಸಿದ. "ಹಳದಿ ಕುತ್ತಿಗೆವರೆಗೂ ತುಂಬಿತ್ತು. ನೇರಳೆಯಲ್ಲಿ ರಕ್ತ ತಳದಲ್ಲಷ್ಟೇ ಇತ್ತು."

"ಮೇಲೆ ನಿಂತ ನೀರು ಕೆಂಪಗಿತ್ತಾ?"

"ಇಲ್ಲ, ಒಣಹುಲ್ಲಿನ ಬಣ್ಣ. ಕ್ಯಾಲ್ಸಿಯಂ ಮಾತ್ರ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಮಷೀನು ಕೆಟ್ಟಿದೆ ಅಂದ್ಕೊಂಡೆ, ಬೇರೆಯವರದೆಲ್ಲ ಸರಿಯಾಗಿ ಬಂತು."

ಐಸಿಯು ಬಾಗಿಲಲ್ಲಿ ಅಜ್ಜನ ಮಗಳನ್ನೂ ಕೇಳಿದೆವು. ಮೊದಲ ವರದಿ ಬರುವವರೆಗೆ ಮೂರನೇ ಸಲ ಯಾರೂ ಚುಚ್ಚಿರಲಿಲ್ಲ. ದೊಡ್ಡಕ್ಕನ ಮುಖ ಕಪ್ಪಿಟ್ಟಿತು.

ಸಂಜೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ಎಲ್ಲರೂ ಸೇರಿದೆವು, ದೊಡ್ಡಕ್ಕನ ತಂಗಿಯೂ. ವಜಾ ಆದೇಶ ಮೇಜಿನ ಮೇಲೇ ಇತ್ತು.

"ಟ್ಯೂಬು ಜೋರಾಗಿ ಅಲ್ಲಾಡಿಸಿದಾಳೆ, ರಕ್ತ ಒಡೆದು ಪೊಟ್ಯಾಸಿಯಂ ಏರಿದೆ," ಎಂದರು ಅವರು. "ಇದರಲ್ಲಿ ಪತ್ತೆ ಮಾಡೋದೇನಿದೆ?"

"ರಕ್ತ ಒಡೆದಿದ್ರೆ ಮೇಲಿನ ನೀರು ಕೆಂಪಾಗಬೇಕಿತ್ತು ಸರ್. ಆಗಿಲ್ಲ. ಕ್ಯಾಲ್ಸಿಯಂ ಮಾಯವಾಗಬಾರದಿತ್ತು. ಆಗಿದೆ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಉಪ್ಪು ಹಾಕಿರ್ತಾರೆ. ಅದರಲ್ಲಿ ಪೊಟ್ಯಾಸಿಯಂ ಇದೆ, ಕ್ಯಾಲ್ಸಿಯಂ ಅನ್ನು ಅದು ಹಿಡಿದಿಡುತ್ತೆ. ಇವಳು ಬಿಟ್ಟು ಬಂದಾಗ ನೇರಳೆ ತುಂಬಿತ್ತು, ಲ್ಯಾಬಲ್ಲಿ ಹಳದಿ ತುಂಬಿತ್ತು. ಮಧ್ಯದಲ್ಲಿ ಯಾರೂ ಚುಚ್ಚಿಲ್ಲ. ಅಂದರೆ ನೇರಳೆಯಿಂದ ಹಳದಿಗೆ ಸುರಿದಿದಾರೆ. ವಾರ್ಡಿನಿಂದ ಟ್ರೇ ಲ್ಯಾಬಿಗೆ ಕಳಿಸಿದ ಪುಸ್ತಕದಲ್ಲಿ ಸಹಿ ಯಾರದಿದೆ, ನೀವೇ ನೋಡಿ."

ನೋಡಬೇಕಾಗಲಿಲ್ಲ. ತಂಗಿ ಬಾಯಿಬಿಟ್ಟಳು. "ಡಾಕ್ಟರ ರೌಂಡ್ಸಿಗೆ ಹೊತ್ತಾಗಿತ್ತು. ಒಬ್ಬನೇ ಮನುಷ್ಯನ ರಕ್ತ ತಾನೆ ಅಂದ್ಕೊಂಡೆ." ಆಮೇಲೆ ಮೆಲ್ಲಗೆ, "ಅಕ್ಕಾ, ಅಮ್ಮನಿಗೆ ಏನಂದಿದ್ದೆ ನೀನು?"

"ಸುರಿದದ್ದಕ್ಕಲ್ಲ ಕಣೇ ನನಗೆ ಉರೀತಿರೋದು. ಎರಡು ಮಕ್ಕಳ ತಾಯಿಯ ಅನ್ನ ಕಿತ್ಕೊಳ್ಳೋವಾಗ ಸುಮ್ಮನೆ ನಿಂತಿದ್ಯಲ್ಲ, ಅದಕ್ಕೆ."

ಸೂಪರಿಂಟೆಂಡೆಂಟರು ಆದೇಶ ಹರಿದರು. ಇನ್ನೊಂದು ಬರೆಯಲು ಪೆನ್ನು ತೆಗೆದರು.

ದೊಡ್ಡಕ್ಕ ತಾಯಿಗೆ ಕೊಟ್ಟ ಮಾತು ಮುರಿದಳು.