ಸಂತೆ ದಿನದ ಬ್ಯಾಟರಿ

"ನೀವು ಇದಕ್ಕೆ ನೀರು ಹಾಕಿದ್ದನ್ನ ನಾನು ಕಣ್ಣಾರೆ ನೋಡಿದೆ. ಇಲ್ಲ ಅಂತ ಮಾತ್ರ ಹೇಳ್ಬೇಡಿ!"

ಬೆಳ್ಳಿಯಪ್ಪ ತಲೆ ಎತ್ತಿದ. ಶೆಡ್ಡಿನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಸೊಂಟದ ಮೇಲೆ ಬಿದಿರು ಬುಟ್ಟಿ, ಬುಟ್ಟಿಯಲ್ಲಿ ಸಂತೆಯ ತರಕಾರಿ, ಮುಖದಲ್ಲಿ ಸಿಟ್ಟು. ಬೆಳಿಗ್ಗೆ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರ ಕೈಗೆ ಮೋಟಾರ್ ಸೈಕಲ್ಲಿನ ಬ್ಯಾಟರಿ ಕೊಟ್ಟು ಹೋದವಳು ಇವಳೇ ಇರಬೇಕು.

"ಹೇಳುದಿಲ್ಲ. ಹಾಕಿದ್ದೇನೆ," ಅಂದ.

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವ ಕಳ್ಳನನ್ನು ಅವಳು ನೋಡಿರಲಿಲ್ಲ.

"ಹಾಲಿಗೆ ನೀರು ಹಾಕೋರು ಕದ್ದು ಹಾಕ್ತಾರೆ. ನೀವು ಎದುರಿಗೇ ಹಾಕ್ತೀರಲ್ಲ!"

"ಇದಕ್ಕೆ ಬಾಯಾರ್ತದೆ, ಅದಕ್ಕೆ." ಬೆಳ್ಳಿಯಪ್ಪ ನಗು ತಡೆದುಕೊಂಡು ಬ್ಯಾಟರಿಯ ಮುಚ್ಚಳದ ಕಡೆ ಬೆರಳು ತೋರಿಸಿದ. "ಒಳಗೆ ಆಸಿಡ್ ಉಂಟು, ನೀರೂ ಉಂಟು. ಬಿಸಿಗೆ ನೀರು ಮಾತ್ರ ಆರಿ ಹೋಗ್ತದೆ. ಪ್ಲೇಟು ಒಣಗಿದರೆ ಮತ್ತೆ ಎಂತ ಮಾಡಿದರೂ ಇಲ್ಲ. ಇದು ಬಾವಿ ನೀರಲ್ಲ, ಬಟ್ಟಿ ಇಳಿಸಿದ್ದು. ಬನ್ನಿ, ನೋಡಿ."

ಅವಳು ಬುಟ್ಟಿ ಇಳಿಸಿ ಬಗ್ಗಿ ನೋಡಿದಳು. ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಎಸರು ಕುದಿಯುವ ಮುಂಚಿನ ಹಾಗೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕಣ್ಣರಳಿಸಿ ನೋಡುತ್ತಲೇ ಉಳಿದಳು. ಆ ಕಣ್ಣುಗಳನ್ನು ಬೆಳ್ಳಿಯಪ್ಪನೂ ನೋಡಿದ. ಅಲ್ಲಿಗೆ ಅವನ ಕೆಲಸ ಕೆಟ್ಟಿತು.

ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಕಾವೇರಿ ದಾಟಿದರೆ ಮೈಸೂರು ರಾಜ್ಯ, ಈಚೆಗೆ ಕುಶಾಲನಗರ. ಭಾಗಮಂಡಲದ ಕಡೆಯಿಂದ ಬಂದ ಬೆಳ್ಳಿಯಪ್ಪ ಮಡಿಕೇರಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಇಲ್ಲಿ ಅಕ್ಕಿ ಮಿಲ್ಲಿಗೆ ತಾಗಿದಂತೆ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಮಿಲ್ಲಿನ ಇಂಜಿನ್ನಿಗೆ ಬೆಲ್ಟು ಕಟ್ಟಿ ಡೈನಮೋ ತಿರುಗಿಸುತ್ತಿದ್ದ. ಲಾರಿಯದು, ಎಸ್ಟೇಟ್ ಜೀಪಿನದು, ಊರಿಗೊಂದೆರಡು ಇದ್ದ ರೇಡಿಯೋಗಳದು, ಎಲ್ಲ ಬ್ಯಾಟರಿಗಳೂ ಅವನ ಹಲಗೆಯ ಮೇಲೆ ಸಾಲಾಗಿ ಕೂತು ಚಾರ್ಜಾಗುತ್ತಿದ್ದವು.

ಹುಡುಗಿಯ ಹೆಸರು ಕಮಲ. ಅರಕಲಗೂಡು ಕಡೆಯಿಂದ ಬಂದು ಕೂಡುಮಂಗಳೂರಿನ ಹತ್ತಿರ ಗದ್ದೆ ಮಾಡಿಕೊಂಡಿದ್ದ ಗೌಡರ ಮನೆಯವಳು. ತಾಯಿ ತೀರಿಕೊಂಡಾಗ ತೊಟ್ಟಿಲ ಕೂಸು. ಸೋದರತ್ತೆ ಲಿಂಗಮ್ಮನೇ ಎತ್ತಿಕೊಂಡು ಬಂದು ಸಾಕಿದ್ದಳು. ಆ ಲಿಂಗಮ್ಮನ ಒಬ್ಬನೇ ಮಗ ಸಣ್ಣಸ್ವಾಮಿ ಮಿಲಿಟರಿಯಲ್ಲಿ ಡ್ರೈವರು. ಮೋಟಾರ್ ಸೈಕಲ್ಲು ಅವನದು. ಬ್ಯಾಟರಿ ಸತ್ತರೆ ಕಿಕ್ ಹೊಡೆದು ಕಾಲು ಮುರಿದುಕೊಂಡರೂ ಏಳದ ಹಳೇ ಗಾಡಿ. "ಬ್ಯಾಟ್ರಿ ಮಾತ್ರ ಜೀವಂತ ಇಟ್ಟಿರಿ," ಎಂದು ಹೇಳಿ ಹೋಗಿದ್ದ.

"ಸಣ್ಣಸ್ವಾಮಿ ಅಂದ್ರೆ ನಿಮ್ಮ ಅಣ್ಣನಾ?" ಮೊದಲ ದಿನವೇ ಬೆಳ್ಳಿಯಪ್ಪ ಕೇಳಿದ್ದ.

"ಅತ್ತೆ ಮಗ." ಕಮಲ ಬ್ಯಾಟರಿಗೆಂದು ಬುಟ್ಟಿಯಲ್ಲಿ ಹಾಸಿದ್ದ ಹುಲ್ಲು ಸರಿಮಾಡುತ್ತಾ ಹೇಳಿದಳು. "ಭಾವ ರಜಕ್ಕೆ ಬಂದಾಗ ಮದುವೆ."

ಬೆಳ್ಳಿಯಪ್ಪ ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿದ. ಆಮೇಲೆ ಮರೆತು ಇನ್ನೊಂದು ಸಲ ಸವರಿದ.

ನಿಲ್ಲಿಸಿಟ್ಟ ಗಾಡಿಯ ಬ್ಯಾಟರಿಗೆ ತಿಂಗಳಿಗೊಮ್ಮೆ ಚಾರ್ಜು ಸಾಕು ಎಂದು ಅವನೇ ಹೇಳಿದ್ದ. ಆದರೆ ಮುಂದಿನ ಸಂತೆಗೇ ಕಮಲ ಬಂದಳು. ಬೆಳ್ಳಿಯಪ್ಪ ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ನೋಡಿದ. ಒಳಗಿನ ಬುರುಡೆ ಮೇಲಕ್ಕೆ ಎದ್ದು ತೇಲುತ್ತಿತ್ತು. ಬ್ಯಾಟರಿ ತುಂಬಿಯೇ ಇತ್ತು.

"ಏನಾಗೈತೆ?" ಕಮಲ ಕೇಳಿದಳು. ಕಣ್ಣು ಮಾತ್ರ ಮಿಲ್ಲಿನ ಹೊಗೆ ಕೊಳವೆಯ ಮೇಲಿತ್ತು.

"ಸ್ವಲ್ಪ ಇಳಿದಿದೆ," ಅಂದ ಬೆಳ್ಳಿಯಪ್ಪ. ಬ್ಯಾಟರಿ ಕೆಲಸಕ್ಕೆ ಕೈ ಹಾಕಿದ ಮೇಲೆ ಅವನು ಹೇಳಿದ ಮೊದಲ ಸುಳ್ಳು ಅದು.

"ನಂಗೂ ಹಂಗೇ ಅನ್ನಿಸ್ತು."

"ನಿಮಗೆ ಹೇಗೆ ಗೊತ್ತಾಯಿತು?"

"ಎತ್ತಿದ್ರೆ ಹಗುರ ಇತ್ತು."

ಚಾರ್ಜಿಲ್ಲದ ಬ್ಯಾಟರಿ ಹಗುರವಾಗುವುದಿಲ್ಲ ಎಂದು ಅವನು ಹೇಳಲಿಲ್ಲ. ಅವಳ ಕೆನ್ನೆಯ ಮೇಲೆ ಮೂಡಿ ಮಾಯವಾದ ನಗು ನೋಡಿದರೆ, ಅದು ಅವಳಿಗೂ ಗೊತ್ತಿದ್ದಂತೆ ಕಂಡಿತು.

ಹಾಗೆ ಶುರುವಾಯಿತು. ಸಂತೆ ಸಂತೆಗೂ ಬ್ಯಾಟರಿ ಬಂತು. ಒಂದು ಸಲ ಅವಳ ಸೀರೆಯ ಸೆರಗಿನಲ್ಲಿ ಸಣ್ಣ ತೂತುಗಳು ಕಂಡವು, ಬುಟ್ಟಿ ವಾಲಿ ಆಸಿಡ್ ಚೆಲ್ಲಿದ್ದು. ಬೆಳ್ಳಿಯಪ್ಪ ಗಾಬರಿಯಿಂದ ಅವಳ ಕೈ ಹಿಡಿದು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದ. ಸುಟ್ಟಿರಲಿಲ್ಲ. ಸುಟ್ಟಿಲ್ಲವೆಂದು ಗೊತ್ತಾದ ಮೇಲೂ ಇನ್ನೊಂದಿಷ್ಟು ನೀರು ಹೊಯ್ದ.

"ನಿಮ್ಮ ಶರ್ಟಲ್ಲೂ ತೂತು, ನನ್ನ ಸೀರೇಲೂ ತೂತು," ಕಮಲ ಮೆಲ್ಲಗೆ ಅಂದಳು. "ನೋಡಿದೋರು ಏನಂತಾರೆ ಬ್ಯಾಟ್ರಿಯವ್ರೇ?"

"ಎಂತ ಹೇಳ್ತಾರೆ?"

"ಒಂದೇ ಇಲಿ ಇಬ್ಬರ ಮನೇಲೂ ಐತೆ ಅಂತಾರೆ."

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಕೈ ಇನ್ನೂ ಕೈಯಲ್ಲೇ ಇತ್ತು. ಬಿಡಬೇಕೆಂದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

ಅಂಥ ದಿನ ಅವಳು ಹೋದ ಮೇಲೆ ಬೆಳ್ಳಿಯಪ್ಪ ಸುಮ್ಮನೆ ಹಲಗೆಯ ಮುಂದೆ ಕೂರುತ್ತಿದ್ದ. ಮಾಡುವುದಕ್ಕೆ ಏನೂ ಇರಲಿಲ್ಲ. ಇನ್ನೊಬ್ಬನಿಗೆ ಎಂದು ಇಟ್ಟ ಹುಡುಗಿ. ಆ ಇನ್ನೊಬ್ಬನ ಗಾಡಿ ಕೆಡದಂತೆ ಕಾಯುತ್ತಿರುವವನು ತಾನು. ಯಾರ ಮೇಲೆ ಸಿಟ್ಟು ಮಾಡುವುದು?

ಮಳೆಗಾಲ ಕಳೆಯುವ ಹೊತ್ತಿಗೆ ಹಳೇ ಬ್ಯಾಟರಿ ನಿಜವಾಗಿಯೂ ಸತ್ತಿತು. ಪೆಟ್ಟಿಗೆ ಸೀಳಿಹೋಗಿತ್ತು, ಪ್ಲೇಟಿನ ಪುಡಿ ತಳದಲ್ಲಿ ಕೂತಿತ್ತು. ಹೊಸದು ಆರಿಸಲು ಲಿಂಗಮ್ಮನೂ ಜೊತೆಗೆ ಬಂದಳು. ನೆತ್ತಿ ನರೆತ, ಕಡ್ಡಿ ಮೈಯ, ಜೋರು ದನಿಯ ಹೆಂಗಸು.

"ಅಗಾ, ಆ ಜೀಪಿನ ದೊಡ್ಡ ಬ್ಯಾಟ್ರಿ ಹಾಕ್ಬುಡಪ್ಪ. ದೊಡ್ಡದಾದ್ರೆ ಗಟ್ಟಿ ಅಲ್ವಾ?"

"ಇಲ್ಲಮ್ಮ. ಅದು ಗಾಡಿಯಲ್ಲಿ ಕೂರುದೇ ಇಲ್ಲ. ಕೂತರೂ ಮೋಟಾರ್ ಸೈಕಲ್ಲಿನ ಪುಟ್ಟ ಡೈನಮೋ ಅದನ್ನು ತುಂಬಿಸಲಿಕ್ಕೆ ಸಾಲುದಿಲ್ಲ. ಅರೆಹೊಟ್ಟೆಯಲ್ಲೇ ಇದ್ದು ಹಾಳಾಗ್ತದೆ. ಅದರ ಅಳತೆಯದ್ದೇ ಹಾಕ್ಬೇಕು."

ಮೈಸೂರಿನಿಂದ ಬಂದ ಎರಡು ಬ್ಯಾಟರಿಗಳನ್ನು ಮುಂದಿಟ್ಟ. ಲಿಂಗಮ್ಮ ಮಿಲ್ಲಿನವರ ಜೊತೆ ಮಾತಿಗೆ ಆಚೆ ಹೋದಾಗ ಕಮಲ ಹತ್ತಿರ ಬಂದಳು.

"ಇವೆರಡರಲ್ಲಿ ಬೇಗ ಕೆಡೋದು ಯಾವ್ದು?"

ಬೆಳ್ಳಿಯಪ್ಪ ಅವಳ ಮುಖ ನೋಡಿದ. ತಮಾಷೆಗೆ ಕೇಳಿದ್ದಲ್ಲ. ಕಣ್ಣಂಚಿನಲ್ಲಿ ನೀರಿತ್ತು.

"ಎಡಗಡೆಯದ್ದು," ಅಂದ.

"ಅದನ್ನೇ ಕೊಡಿ."

ಅವನಿಗೂ ಕೊಡಬೇಕೆನಿಸಿತು. ಕೈ ಅದರ ಮೇಲೆ ಹೋಯಿತು ಕೂಡ. ಆದರೆ ಕೆಡುವ ಸಾಮಾನೆಂದು ಗೊತ್ತಿದ್ದೂ ಕೊಡಲು ಅವನ ಕೈಯಲ್ಲಿ ಆಗಲಿಲ್ಲ. ಬಲಗಡೆಯದನ್ನು ಎತ್ತಿ, ಆಸಿಡ್ ತುಂಬಿಸಿ, ಮೊದಲ ಚಾರ್ಜಿಗೆ ಇಟ್ಟ. ಕಮಲ ಅತ್ತೆ ಬರುವ ಮೊದಲು ಕಣ್ಣೊರೆಸಿಕೊಂಡಳು.

ಕಾಫಿ ಹಣ್ಣಾಗುವ ಹೊತ್ತಿಗೆ ಸಣ್ಣಸ್ವಾಮಿ ಬಂದ. ಮಿಲಿಟರಿ ಬಿಟ್ಟೇ ಬಂದಿದ್ದ, ದೂರದ ಬಾಳೆಲೆ ಊರಿನ ಎಸ್ಟೇಟಿನಲ್ಲಿ ಜೀಪ್ ಡ್ರೈವರ್ ಕೆಲಸ ಸಿಕ್ಕಿತ್ತು. ಗುಡುಗುಡು ಅನ್ನಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲೇ ಶೆಡ್ಡಿನ ಮುಂದೆ ಇಳಿದು, ಬಂದವನೇ ಬೆಳ್ಳಿಯಪ್ಪನ ಎರಡೂ ಕೈ ಹಿಡಿದುಕೊಂಡ.

"ಒಂದೇ ಕಿಕ್ಕಿಗೆ ಎದ್ದಿತು ಕಣ್ರೀ! ಸ್ವಂತದ್ದಕ್ಕಿಂತ ಹೆಚ್ಚಾಗಿ ನೋಡ್ಕೊಂಡಿದೀರ. ಬಾಳೆಲೇಲಿ ಇದನ್ನೆಲ್ಲ ಮಾಡೋರು ಯಾರೂ ಇಲ್ವಂತೆ. ನಂಗೇ ಹೇಳ್ಕೊಡಿ."

ಅಗಲ ಮುಖ, ಕಪಟವಿಲ್ಲದ ನಗು. ದ್ವೇಷಿಸಲು ಹಿಡಿಯಷ್ಟಾದರೂ ಕಾರಣ ಸಿಗುತ್ತದೆಯೇ ಎಂದು ಬೆಳ್ಳಿಯಪ್ಪ ಹುಡುಕಿದ. ಸಿಗಲಿಲ್ಲ. ನೀರು ಎಲ್ಲಿಯವರೆಗೆ ಇರಬೇಕು, ಟರ್ಮಿನಲ್ಲಿನ ಬಿಳಿ ಹುಡಿಯನ್ನು ಬಿಸಿನೀರಿನಲ್ಲಿ ಹೇಗೆ ತೆಗೆಯಬೇಕು, ಗಾಡಿ ತಿಂಗಳುಗಟ್ಟಲೆ ನಿಂತರೆ ವೈರು ಬಿಚ್ಚಿಡಬೇಕು, ಎಲ್ಲವನ್ನೂ ಕೂರಿಸಿಕೊಂಡು ಹೇಳಿಕೊಟ್ಟ. ಹೇಳುತ್ತಾ ಹೇಳುತ್ತಾ ಅವನಿಗೆ ಹೊಳೆಯಿತು. ಇವನು ಕಲಿತರೆ ಅವಳು ಬರಬೇಕಾಗಿಲ್ಲ. ಆದರೂ ಅರ್ಧಕ್ಕೆ ನಿಲ್ಲಿಸಲಿಲ್ಲ.

ಮದುವೆಯ ದಿನ ಗೊತ್ತಾಯಿತು. ಒಂದು ಮಧ್ಯಾಹ್ನ ಲಿಂಗಮ್ಮ ಒಬ್ಬಳೇ ಬಂದಳು. ಜೋರು ದನಿ ಎಲ್ಲೋ ಇಟ್ಟು ಬಂದಿದ್ದಳು. ಖಾಲಿ ಡಬ್ಬದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮ ಕಡೆಯೋರೂ ಗೌಡ್ರೇ ಅಂತೆ, ಹೌದೇನಪ್ಪ?"

"ಹೌದಮ್ಮ."

"ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡ. ನಮ್ ಹುಡುಗಿ ಮನೇಲಿ ಎಲ್ಲರ ವಿಷಯಾನೂ ಮಾತಾಡ್ತಾಳೆ, ನಿನ್ನ ಹೆಸರೊಂದು ಎತ್ತಲ್ಲ. ಸಂತೆ ದಿನ ಎರಡು ಸಲ ತಲೆ ಬಾಚ್ಕೋತಿದ್ಲು. ನಾನು ಕುರುಡಿ ಅಲ್ಲ. ಅವಳನ್ನ ಕೇಳಿದ್ರೆ ನನ್ನ ಮುಖ ನೋಡಿ ಹೇಳ್ತಾಳೆ. ಅದಕ್ಕೇ ಮೊದಲು ನಿನ್ನ ಕೇಳ್ತೀನಿ. ನಿಮ್ಮಿಬ್ಬರಿಗೆ ಏನಾದ್ರೂ ಐತಾ?"

ಮದುವೆಯ ಹೊಸ್ತಿಲಲ್ಲಿ ನಿಂತ ಹುಡುಗಿಯ ಮೇಲೆ ತನ್ನ ಒಂದು ಮಾತು ಏನೆಲ್ಲ ತರಬಹುದು ಎಂದಷ್ಟೇ ಬೆಳ್ಳಿಯಪ್ಪನಿಗೆ ಕಂಡಿತು. ಮುದುಕಿ ಯಾಕೆ ಕೇಳುತ್ತಿದ್ದಾಳೆ ಎಂದು ಕಾಣಲಿಲ್ಲ.

"ಏನೂ ಇಲ್ಲಮ್ಮ," ಅಂದ. "ಬ್ಯಾಟರಿ ತರ್ತಿದ್ದರು, ಹೋಗ್ತಿದ್ದರು. ಅಷ್ಟೇ."

ಲಿಂಗಮ್ಮ ಅವನನ್ನೇ ಬಹಳ ಹೊತ್ತು ನೋಡಿದಳು. ಇನ್ನೇನೋ ಹೇಳಬಹುದೇನೋ ಎಂದು ಕಾದಂತಿತ್ತು. ಆಮೇಲೆ ಎದ್ದು ಹೋದಳು.

ಚಪ್ಪರ ಹಾಕುವ ಹಿಂದಿನ ದಿನ ಕಮಲ ಬಂದಳು. ಬುಟ್ಟಿ ಇರಲಿಲ್ಲ. ಬರಿಗೈ ಎಲ್ಲಿಡಬೇಕೆಂದು ಗೊತ್ತಾಗದೆ ಸೆರಗು ಹಿಡಿದುಕೊಂಡು ನಿಂತಳು.

"ಬಳೆ ತೊಡಿಸ್ಕೊಳಕ್ಕೆ ಬಂದ್ವಿ. ಅತ್ತೆ ಬಳೆಗಾರರ ಅಂಗಡೀಲಿ ಅವ್ರೆ. ನಾನು ಇಲ್ಲಿಗೆ ಬತ್ತೀನಿ ಅಂದೆ. ಬೇಡ ಅನ್ಲಿಲ್ಲ."

ಮೊಣಕೈವರೆಗೆ ಹಸಿರು ಬಳೆ. ಬೆಳ್ಳಿಯಪ್ಪ ಅತ್ತ ನೋಡದಿರಲು ಪ್ರಯತ್ನಪಟ್ಟ.

"ಅತ್ತೆ ನಿಮ್ಮನ್ನ ಕೇಳಿದ್ರಂತೆ."

"ಕೇಳಿದರು. ಏನೂ ಇಲ್ಲ ಅಂದೆ. ನಿಮಗೆ ಕೆಟ್ಟ ಹೆಸರು ಬರಬಾರದು ಅಂತ."

ಕಮಲ ಅಲ್ಲೇ ಡಬ್ಬದ ಮೇಲೆ ಕುಸಿದಳು. "ಮನೆಗೆ ಬಂದು ನನ್ನೂ ಕೇಳಿದ್ರು. 'ಅವನು ಇಲ್ಲ ಅಂದ. ನೀನೇನಂತೀಯವ್ವ? ಇದ್ರೆ ಹೇಳ್ಬುಡು. ನನ್ ಮಗನಿಗೆ ಬೇರೆ ಹೆಣ್ಣು ಸಿಕ್ತದೆ, ನಿನಗೆ ಬೇರೆ ಜೀವ ಸಿಕ್ಕಲ್ಲ' ಅಂದ್ರು." ಅವಳು ಬಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. "ನೀವೇ ಇಲ್ಲ ಅಂದ ಮೇಲೆ ನಾನು ಐತೆ ಅಂತ ಹೆಂಗೆ ಹೇಳ್ಲಿ? ನಂಗೊಬ್ಬಳಿಗೇ ಇತ್ತೇನೋ ಅಂದ್ಕೊಂಡೆ. ನಾನೂ ಇಲ್ಲ ಅಂದೆ."

ಮಿಲ್ಲಿನ ಇಂಜಿನ್ ಬಡಿದುಕೊಳ್ಳುತ್ತಿತ್ತು. ಲಿಂಗಮ್ಮ ತೆರೆದು ಹಿಡಿದಿದ್ದ ಬಾಗಿಲನ್ನು ಬೆಳ್ಳಿಯಪ್ಪ ತಾನೇ ಹಾಕಿದ್ದ.

"ನಾನು ಈಗ ಬಂದು ಹೇಳ್ತೇನೆ. ನಿಮ್ಮ ಅತ್ತೆಯ ಕಾಲು ಹಿಡಿದು ಹೇಳ್ತೇನೆ."

"ಬೇಡಿ." ಕಮಲ ತಲೆ ಅಲ್ಲಾಡಿಸಿದಳು. "ನಾನು ಇಲ್ಲ ಅಂದ ತಕ್ಷಣ ಅತ್ತೆ ನನ್ನ ತಬ್ಕೊಂಡು ಅತ್ರು. ಅವತ್ತಿಂದ ಹಾಡು ಹೇಳ್ಕೊಂಡೇ ಕೆಲಸ ಮಾಡ್ತಾವ್ರೆ. ಭಾವ ಬಾಳೆಲೇಲಿ ಮನೆಗೆ ಸುಣ್ಣ ಹೊಡೆದು ಬಂದೈತೆ. ನೆಂಟರು ಬಂದು ಕೂತವ್ರೆ. ಒಂದು ಸಲ ಕೇಳಕ್ಕೇ ಅತ್ತೆ ಎಷ್ಟು ಗಟ್ಟಿ ಮನಸ್ಸು ಮಾಡಿದ್ರೋ. ಸುಳ್ಳು ಹೇಳಿದ್ದೆ ಅಂತ ಈಗ ಅವ್ರ ಮುಂದೆ ಹೋಗಿ ನಿಲ್ಲಕ್ಕೆ ನನ್ ಕೈಲಿ ಆಗಲ್ಲ. ನಿಮ್ ಕೈಲಿ ಆಗುತ್ತಾ?"

ಅವನು ಸಣ್ಣಸ್ವಾಮಿಯ ನಗುಮುಖ ನೆನೆದ.

"ನಂಗೊಬ್ಳಿಗೇ ಹೇಳಿ. ಬೇರೆ ಯಾರಿಗೂ ಬೇಡ." ಕಮಲ ಮುಖ ಎತ್ತಿದಳು. "ಐತಾ?"

"ಉಂಟು, ಕಮಲ," ಅಂದ ಬೆಳ್ಳಿಯಪ್ಪ. ಅವಳ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಅವಳು ಅಳುತ್ತಲೇ ನಕ್ಕಳು. "ನಂಗೂ," ಅಂದಳು. ಅಷ್ಟು ಹೇಳಲು ಬಂದವಳಂತೆ ಎದ್ದು, ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡಳು. "ಬಳೆಗಾರರ ಅಂಗಡಿವರೆಗೆ ಬತ್ತೀರಾ? ನಾವು ಒಟ್ಟಿಗೆ ಎಲ್ಲೂ ನಡೆದೇ ಇಲ್ಲ."

ಬೆಳ್ಳಿಯಪ್ಪ ಕೈ ತೊಳೆದು ಅವಳ ಪಕ್ಕ ಹೊರಟ. ಸಂತೆಯಿಲ್ಲದ ದಿನ, ರಸ್ತೆಯಲ್ಲಿ ಜನ ಕಡಿಮೆ. ಹೊಳೆ ಕಡೆಯಿಂದ ಗಾಳಿ ಬರುತ್ತಿತ್ತು. ತಿರುವು ಬಂದಾಗ ಅಂಗಡಿಯ ಮುಂದೆ ನಿಂತು ಇತ್ತಲೇ ನೋಡುತ್ತಿದ್ದ ಲಿಂಗಮ್ಮ ಕಾಣಿಸಿದಳು.

"ಮೆಲ್ಲಗೆ ನಡೀರಿ," ಅಂದಳು ಕಮಲ.

ಅವನು ಆಗಲೇ ಮೆಲ್ಲಗೆ ನಡೆಯುತ್ತಿದ್ದ. ಇನ್ನೂ ಮೆಲ್ಲಗೆ ನಡೆದ.