ಬೇರೆಯವರ ಒಲೆಯಲ್ಲಿ ಉಕ್ಕಿದ ಹಾಲು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹೊಸೂರಿನ ಠಾಣೆಗೆ ಬಂದ ದೂರನ್ನು ಹೇಗೆ ಬರೆದುಕೊಳ್ಳಬೇಕೆಂದೇ ಸಬ್ ಇನ್‌ಸ್ಪೆಕ್ಟರ್ ಶ್ರೀಲಕ್ಷ್ಮಿಗೆ ತಿಳಿಯಲಿಲ್ಲ.

"ಏನೇನು ಹೋಗಿದೆ?"

"ಏನೂ ಹೋಗಿಲ್ಲ ಮೇಡಂ," ಎಂದಳು ಕೋಮಲಾ. "ಬಂದಿದೆ."

ಕೋಮಲಾ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವಳು. ಶನಿವಾರ ಗುಮ್ಮಳಾಪುರಕ್ಕೆ ಅಮ್ಮನನ್ನು ನೋಡಲು ಹೋಗಿ ಆಗಷ್ಟೇ ಮರಳಿದ್ದಳು. ಬಾಡಿಗೆ ರೂಮಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಮಾತ್ರ ಒಲೆಯ ಸುತ್ತ ಹಾಲು ಉಕ್ಕಿ ಒಣಗಿತ್ತು. ಒಲೆಯನ್ನು ಯಾರೋ ಪೂರ್ವಕ್ಕೆ ತಿರುಗಿಸಿಟ್ಟಿದ್ದರು. ಹೊಸ್ತಿಲಿಗೆ ಅರಿಶಿನ, ಕುಂಕುಮ. ಪಾತ್ರೆಗಳ ಸಾಲಿನಲ್ಲಿ ಅವಳದಲ್ಲದ ಒಂದು ಸ್ಟೀಲ್ ಪಾತ್ರೆ.

"ಓನರ್ ಏನಂತಾರೆ?"

"ನೀನೇ ಯಾರನ್ನೋ ಕರ್ಕೊಂಡ್ಬಂದಿದೀಯ ಅಂತಾರೆ. ಭಾನುವಾರ ಒಬ್ಬ ಗಂಡಸು, ಹೂ ಮುಡಿದಿದ್ದ ಒಂದು ಹೆಣ್ಣು ಒಳಗೆ ಹೋಗಿದ್ದನ್ನ ಎದುರು ಮನೆಯವ್ರು ನೋಡಿದ್ರಂತೆ. ಆ ಹೆಣ್ಣು ನಾನೇ ಅಂತೆ." ಅವಳ ದನಿ ಇಳಿಯಿತು. "ಸಂಜೆಯೊಳಗೆ ಖಾಲಿ ಮಾಡು ಅಂದ್ರು. ಒಂಟಿ ಹೆಣ್ಣಿಗೆ ಕೊಡಲ್ಲ ಅನ್ನಿಸ್ಕೊಂಡು ಬೀದಿಬೀದಿ ಸುತ್ತಿದ ಮೇಲೆ ಸಿಕ್ಕಿದ ರೂಮು ಮೇಡಂ ಅದು."

ಅತಿಕ್ರಮ ಪ್ರವೇಶವೆಂದು ಎಫ್‌ಐಆರ್ ದಾಖಲಾಯಿತು. ಕಳ್ಳ ಬಂದರೆ ಒಯ್ಯುತ್ತಾನೆ. ಇವನು ಇಟ್ಟುಹೋಗಿದ್ದಾನೆ. ಜೀಪು ಹತ್ತುವಾಗಲೂ ಶ್ರೀಲಕ್ಷ್ಮಿಗೆ ಅದೇ ಗೊಂದಲ.

ಮಾಲೀಕ ಬದರೀನಾಥ ನಿವೃತ್ತ ಮೇಷ್ಟ್ರು. ಹೆಂಚಿನ ಮನೆಯ ಅರ್ಧ ಉಳಿಸಿಕೊಂಡು, ಇನ್ನರ್ಧ ಕೆಡವಿ, ಆ ಜಾಗದಲ್ಲಿ ಒಂದರ ಮೇಲೊಂದು ಒಂಟಿ ಕೋಣೆಗಳನ್ನು ಎಬ್ಬಿಸಿದ್ದರು. ಆ ಬೀದಿಯಲ್ಲಿ ಈಗ ಎಲ್ಲರೂ ಮಾಡುತ್ತಿದ್ದುದು ಅದನ್ನೇ.

ರೂಮು ತೋರಿಸಿ ಎಂದದ್ದಕ್ಕೆ, "ರೂಮಲ್ಲ, ಸ್ಟುಡಿಯೊ ಅಪಾರ್ಟ್‌ಮೆಂಟ್," ಎಂದು ಅವರು ತಿದ್ದಿದರು.

"ಸ್ಟುಡಿಯೊ ಅಂತೆ. ಕ್ಯಾಮೆರಾ ಎಲ್ಲೈತೋ," ಎಂದು ಕಾನ್‌ಸ್ಟೇಬಲ್ ಗೋಪಿನಾಥ್ ಗೊಣಗಿದ.

"ಇನ್ನೊಂದು ಕೀ ಯಾರ ಹತ್ತಿರ ಇದೆ?" ಶ್ರೀಲಕ್ಷ್ಮಿ ಕೇಳಿದಳು.

"ನನ್ನ ಹತ್ತಿರ ಮಾತ್ರ. ಈಗ ನನ್ನ ಮೇಲೇ ಅನುಮಾನವೇನಮ್ಮ?"

ಅವಳು ಕೋಮಲಾಳ ಕಡೆ ತಿರುಗಿದಳು. "ನೀನು ಇಲ್ಲಿಗೆ ಬಂದಾಗ ಹಾಲು ಉಕ್ಕಿಸಿದ್ದೆಯಾ?"

"ಇಷ್ಟು ಸಣ್ಣ ರೂಮಿಗೆ ಯಾರು ಉಕ್ಕಿಸ್ತಾರೆ ಮೇಡಂ?"

ಹಾಗಾದರೆ ಉಕ್ಕಿಸಿದವರಿಗೆ ಇದು ರೂಮಲ್ಲ, ಮನೆ. ಒಕ್ಕಲು ಬಂದವರು ಅದೇ ದಿನ ಎಲ್ಲಿಗೆ ಹೋದರು?

ಪಂಚನಾಮೆ ಬರೆಯುವಾಗ ಗೋಪಿನಾಥ್ ಪಾತ್ರೆಯನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿತ್ತು: ಕೆಲಮಂಗಲ ಆವುಲಪ್ಪ.

ಮಧ್ಯಾಹ್ನ ಎರಡಕ್ಕೆ ಕೆಲಮಂಗಲದ ಪಾತ್ರೆ ಅಂಗಡಿಯವನು ಮನೆ ತೋರಿಸಿದ. ಪಾತ್ರೆ ಕಂಡದ್ದೇ ಆವುಲಪ್ಪನ ಮುಖ ಅರಳಿತು.

"ನನ್ ಮಗಳು ನಾಗವೇಣಿಗೆ ಕೊಟ್ಟಿದ್ದು. ಹೊಸೂರಲ್ಲಿ ಮನೆ ಮಾಡಿ ಹಾಲುಕ್ಸೋಗಂಟ ಹೆಣ್ಣು ಕಳ್ಸಲ್ಲ ಅಂದಿದ್ದೆ. ನಿನ್ನೆ ಉಕ್ಸವ್ರೆ. ಅಳಿಯ ಸ್ಟುಡಿಯೊ ಅಂದ, ಫೋಟೊ ಅಂಗ್ಡಿ ಮಡಗ್ತಾನೆ ಅಂದ್ಕೊಂಬುಟ್ಟೆ!"

ಗೋಪಿನಾಥ್ ನಗು ನುಂಗಿ ಹೊರಗೆ ನೋಡಿದ.

"ಹಾಲುಕ್ಕಿಸಿ ಮತ್ತೆ ಯಾಕೆ ಬಂದೆ?" ಶ್ರೀಲಕ್ಷ್ಮಿ ನಾಗವೇಣಿಯನ್ನು ಕೇಳಿದಳು.

"ಬಣ್ಣದ ಕೆಲ್ಸ ಬಾಕಿ ಐತೆ, ಆಮೇಲೆ ಕರ್ಕೊಂಡೋಯ್ತೀನಿ ಅಂದ್ರು."

"ಅಲ್ಲಿ ಬೇರೆಯವರ ಸಾಮಾನು ಇರಲಿಲ್ವಾ?"

"ನಂಗೇಂತ ತಂದಿಟ್ಟವ್ರೆ ಅಂದ್ಕೊಂಡೆ," ಹುಡುಗಿ ನಾಚಿದಳು. "ಅದ್ಕೇ ನನ್ ಪಾತ್ರೇನೂ ಅವುಗಳ್ ಜೊತೇಲೇ ಇಟ್ಟೆ. ಅವ್ರು ತಗೊಂಡೋಗು ಅಂದ್ರು. ಉಕ್ಸಿದ್ ಪಾತ್ರೆ ಮನೆ ಬುಟ್ಟು ಆಚೆ ಹೋಗ್ಬಾರ್ದು ಅಂದೆ." ನಗು ನಿಂತಿತು. "ನಿಮ್ ಕೈಗೆಂಗೆ ಬಂತು ಮೇಡಂ ಅದು?"

"ವಿಚಾರಣೆ ನಡೀತಿದೆ," ಎಂದಷ್ಟೇ ಹೇಳಿ ಶ್ರೀಲಕ್ಷ್ಮಿ ಗಂಡನ ಹೆಸರು, ಕೆಲಸ ಕೇಳಿದಳು. ಕಿರಣ್‌ಕುಮಾರ್, ಎಲೆಕ್ಟ್ರಿಷಿಯನ್.

ಸಂಜೆ ಐದಕ್ಕೆ ಅವನು ಸಿಕ್ಕಿದ್ದು ಬದರೀನಾಥರ ಬೀದಿಯಲ್ಲೇ, ಇನ್ನೂ ಗಾರೆಯಾಗದ ಕಟ್ಟಡವೊಂದರಲ್ಲಿ ವೈರು ಎಳೆಯುತ್ತ. ಓಡಲಿಲ್ಲ. ಜೇಬಿನಿಂದ ಕೀ ತೆಗೆದುಕೊಟ್ಟ.

"ವೈರಿಂಗ್ ಮಾಡ್ವಾಗ ಕೊಟ್ಟಿದ್ರು. ಅವ್ರು ಕೇಳ್ನಿಲ್ಲ, ನಾನು ಕೊಡ್ನಿಲ್ಲ."

"ಆ ರೂಮಿನವಳು ಊರಿಗೆ ಹೋಗಿದ್ದು ಹೇಗೆ ಗೊತ್ತಾಯ್ತು?"

"ಬ್ಯಾಗ್ ತಗೊಂಡೋಗೋದು ಇಲ್ಲಿಂದ್ಲೇ ಕಾಣ್ತು."

"ಯಾಕೆ ಮಾಡಿದೆ?"

"ಆ ರೂಮು ಮೊದ್ಲು ಕೇಳಿದ್ದು ನಾನೇ ಮೇಡಂ. ಕಂಪ್ನಿ ಐಡಿ ಇದ್ದೋರ್ಗೆ ಮಾತ್ರ ಅಂದ್ರು. ಈ ಬೀದೀಲಿ ಎಷ್ಟು ಮನೆಗೆ ಲೈಟ್ ಹಾಕಿವ್ನಿ, ಒಂದರಲ್ಲೂ ಬುಟ್ಕೊಳ್ನಿಲ್ಲ. ಅತ್ಲಾಗೆ ಮಾವ ಹೆಣ್ಣು ಕಳ್ಸ್ತಿಲ್ಲ. ಒಂದ್ಸಲ ಹಾಲು ಉಕ್ಕ್‌ಬುಡ್ಲಿ, ಆಮೇಲೆ ನಿಜವಾದ್ ಮನೆ ಹುಡುಕ್ಕೊಳ್ಳಾಣ ಅಂತ..."

ಶ್ರೀಲಕ್ಷ್ಮಿ ಬಂದು ಹೇಳಿದ್ದನ್ನೆಲ್ಲ ಬದರೀನಾಥರು ತಮ್ಮ ಮನೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಕೋಮಲಾಳಿಗೆ "ಇರು ಬಿಡಮ್ಮ" ಎಂದು ಒಳಗೆ ಹೋದರು. ಅವಳು ಮೇಲೆ ಹೋಗಿ ಒಲೆ ಒರೆಸಿದಳು. ಮೊದಲಿದ್ದಂತೆ ತಿರುಗಿಸಿಡಲು ಹೋಗಿ, ಯಾಕೋ ಹಾಗೇ ಬಿಟ್ಟಳು.

ಠಾಣೆಯಲ್ಲಿ ಪಾತ್ರೆಗೆ ಬಟ್ಟೆ ಸುತ್ತಿ ಅರಗಿನ ಮೊಹರು ಒತ್ತಿದರು. ಬಂಧನದ ವಿಷಯ ಹೆಂಡತಿಗೆ ತಿಳಿಸಬೇಕು, ಅದು ನಿಯಮ. ಶ್ರೀಲಕ್ಷ್ಮಿ ಫೋನು ಮಾಡಿದಳು. ಹೊಸೂರು ಠಾಣೆಯಿಂದ ಎನ್ನುವಷ್ಟರಲ್ಲೇ ಆ ಕಡೆಯಿಂದ ನಾಗವೇಣಿಯ ದನಿ ಬಂತು.

"ಮೇಡಂ, ಪಾತ್ರೆ ವಾಪಸ್ ಮನೇಲಿಟ್ರಾ?"