ದಾಳದ ದೊರೆಯ ಎಡಗೈ

ಈ ಕಥೆಯನ್ನು ಮೊದಲು ಹೇಳಿದವರು ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುತ್ತಿದ್ದ ಅಜ್ಜಿ. ಯಂತ್ರ ಕೆಟ್ಟು ಎಲ್ಲರೂ ಕೈಕಟ್ಟಿ ಕುಳಿತಿದ್ದ ಒಂದು ಸಂಜೆ. ಅವರು ಹೇಳಿದ ಕ್ರಮದಲ್ಲೇ ಇಲ್ಲಿದೆ.

ಆ ಅಚ್ಚುಕೂಟದಿಂದ ಒಂದು ಕಾಮಿಕ್ಸ್ ಹೊರಡುತ್ತಿತ್ತು. ಅದರ ಖಳ ‘ದಾಳದ ದೊರೆ’. ಕನ್ನ ಹಾಕುವ ಮೊದಲು ಮನೆಯವರ ಎದುರೇ ದಾಳ ಉರುಳಿಸುವನು. ಸಮ ಬಿದ್ದರೆ ಕೈಮುಗಿದು ಹೊರಡುವನು, ಬೆಸ ಬಿದ್ದರೆ ಮನೆಯನ್ನೇ ಗುಡಿಸಿ ಗುಂಡಾಂತರ ಮಾಡುವನು. ಅವನನ್ನು ಪೆನ್ಸಿಲಿನಲ್ಲಿ ಬರೆಯುವವನೊಬ್ಬ. ಆ ಗೆರೆಗಳ ಮೇಲೆ ಕುಂಚದಿಂದ ಮಸಿ ಎಳೆಯುವವಳೊಬ್ಬಳು. ಇಬ್ಬರೂ ಒಂದೇ ಮೇಜಿಗೆ ಎದುರುಬದುರು. ಮಾತು ಕಡಿಮೆಯ ಅವನನ್ನು ಎಲ್ಲರೂ ‘ಮೌನಿ’ ಎನ್ನುತ್ತಿದ್ದರು, ಅವಳನ್ನು ‘ಮಸಿರಾಣಿ’.

ಒಂದು ದಿನ ಯಜಮಾನರು ಮಸಿರಾಣಿಯನ್ನು ಒಳಗೆ ಕರೆದು ಹಳೆಯ ಸಂಚಿಕೆಯನ್ನೂ ಹೊಸದನ್ನೂ ಮುಂದಿಟ್ಟರು.

“ನೋಡಮ್ಮ, ಮೊದಲು ದೊರೆ ಬಲಗೈಲಿ ದಾಳ ಹಾಕ್ತಿದ್ದ. ಈಗ ಎಡಗೈ! ಬೆರಳೂ ಬೇರೆ. ಈ ಮೌನಿ ಯಾರ ಹತ್ರಾನೋ ಕದ್ದುಮುಚ್ಚಿ ಬರೆಸ್ತಿದ್ದಾನೆ. ಮುಖಪುಟ ಅಚ್ಚಿಗೆ ಹೋಗೋದ್ರೊಳಗೆ ಪತ್ತೆ ಮಾಡು. ನಿಜ ಆದ್ರೆ ಅವನಿಗೆ ಇಲ್ಲಿ ಕೆಲಸ ಇಲ್ಲ.”

ಮೌನಿಯ ಮೇಲೆ ಅವಳಿಗೆ ಮನಸ್ಸಿತ್ತು. ಆದ್ದರಿಂದಲೇ ಅನುಮಾನ ಇನ್ನಷ್ಟು ಆಳಕ್ಕೆ ಇಳಿಯಿತು. ಇಷ್ಟು ನಾಜೂಕಾದ ಬೆರಳನ್ನು ಯಾವಳೋ ಬರೆದುಕೊಡುತ್ತಿರಬೇಕೆಂದು ಹೊಟ್ಟೆ ಉರಿಸಿಕೊಂಡಳು.

ಅಂದಿನಿಂದ ಅವಳ ಕಣ್ಣು ಅವನ ಮೇಲೆ. ಅವನೋ, ಒಂದು ಗೆರೆ ಎಳೆದು ತಲೆ ಎತ್ತುವನು. ಅವಳ ನೋಟ ಎದುರಾದೊಡನೆ ಹಾಳೆಯ ಮೇಲೆ ರಟ್ಟು ಮುಚ್ಚುವನು. ಕಿವಿಯ ತುದಿ ಕೆಂಪಾಗುವುದು. ಕಳ್ಳನ ಲಕ್ಷಣವೆಲ್ಲ ಅವನಲ್ಲಿತ್ತು.

“ಏನ್ರೀ, ಮುಚ್ಚಿಡ್ತೀರಿ?”

“ಏನಿಲ್ಲ. ಇನ್ನೂ ಮುಗಿದಿಲ್ಲ.”

“ಹೇಗಿದ್ರೂ ನನ್ನ ಹತ್ರಾನೇ ಬರಬೇಕಲ್ಲ?”

“ಬರತ್ತೆ. ಅದೇ ಭಯ.”

“ಭಯಪಡೋಕೆ ನಾನೇನು ಹುಲೀನಾ, ಕರಡೀನಾ?”

ಅವನು ನಕ್ಕ. ನಗು ಚೆನ್ನಾಗಿತ್ತು, ಆದ್ದರಿಂದ ಅವಳು ಅದನ್ನೂ ನಂಬಲಿಲ್ಲ. ಸಂಜೆ ಬಸ್ ನಿಲ್ದಾಣದವರೆಗೆ ಅವನನ್ನು ಹಿಂಬಾಲಿಸಿದಳು. ಅವನು ಯಾರನ್ನೂ ಕಾಣಲಿಲ್ಲ. ಒಂದು ಬನ್ ತಿಂದು ಬಸ್ ಹತ್ತಿದ.

ಕೊನೆಗೆ ಮುಖಪುಟದ ಚಿತ್ರ ಅವಳ ಮುಂದೆ ಬಂತು. ಈವರೆಗೆ ಚೌಕದ ಮೂಲೆಯಲ್ಲಿ ಸಣ್ಣದಾಗಿರುತ್ತಿದ್ದ ದೊರೆಯ ಕೈ ಈಗ ಹಾಳೆ ತುಂಬ ಹರಡಿತ್ತು: ಬೆರಳ ತುದಿಯಲ್ಲಿ ದಾಳ, ತುಸು ಒಳಕ್ಕೆ ಬಾಗಿದ ಕಿರುಬೆರಳು. ಅವಳು ಕುಂಚವನ್ನು ಮಸಿಗೆ ಅದ್ದಿ, ಎಂದಿನಂತೆ ಎಡಗೈಯನ್ನು ಹಾಳೆಯ ಮೇಲೆ ಊರಿದಳು. ಅಲ್ಲಿಗೇ ನಿಂತಳು. ಹಾಳೆಯ ಮೇಲೆ ಎರಡು ಎಡಗೈಗಳಿದ್ದವು. ಎರಡರ ಕಿರುಬೆರಳೂ ಒಂದೇ ರೀತಿ ಬಾಗಿತ್ತು.

“ಇದು ನನ್ನ ಕೈ.”

ಮೌನಿ ತಲೆ ಎತ್ತಲಿಲ್ಲ. “ಹೂಂ.”

“ನನ್ನನ್ನ ಕಳ್ಳಿ ಮಾಡಿದ್ರಾ?”

“ಬೇಕು ಅಂತ ಮಾಡ್ಲಿಲ್ಲ. ನೀವು ಬಂದ್ಮೇಲೆ ಕೈ ಬರೆಯೋಕೆ ಕೂತ್ರೆ ಇದೊಂದೇ ಬರತ್ತೆ. ದೊರೆ ಬಲಗೈಯವನು ಅನ್ನೋದೂ ಮರೆತುಹೋಯ್ತು.”

“ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ದಾಳ ಉರುಳಿಸೋ ಧೈರ್ಯ ದೊರೆಗಿದೆ, ನನಗಿಲ್ಲ. ಬೆಸ ಬಿದ್ರೆ ನೀವು ಮೇಜು ಬದಲಾಯಿಸ್ತೀರಿ.”

ಅವಳು ಹಾಳೆ ಎತ್ತಿಕೊಂಡು ಯಜಮಾನರ ಕೋಣೆಗೆ ನಡೆದಳು. ದೂರು ಕೊಡಲು ಹೋದಳೆಂದು ಮೌನಿ ಪೆನ್ಸಿಲುಗಳನ್ನು ಚೀಲಕ್ಕೆ ತುಂಬತೊಡಗಿದ.

ಒಳಗೆ ಅವಳು ಚಿತ್ರದ ಪಕ್ಕ ತನ್ನ ಕೈಯಿಟ್ಟಳು. ಯಜಮಾನರು ಕನ್ನಡಕ ಏರಿಸಿ ಕೈ ನೋಡಿದರು, ಚಿತ್ರ ನೋಡಿದರು, ಮತ್ತೆ ಕೈ ನೋಡಿದರು.

“ಅಂದ್ರೆ ಬರೆದಿದ್ದು ನೀನಾ?”

“ಅಲ್ಲ ಸಾರ್, ಅವರೇ. ನನ್ನ ನೋಡ್ಕೊಂಡು.”

“ಓಹೋ! ನೀನೇನಂತೀಯಮ್ಮ?”

“ನೀವು ಅವರನ್ನ ಕೆಲಸದಿಂದ ಬಿಡಿಸ್ಬೇಡಿ. ನಾನಂತೂ ಬಿಡಲ್ಲ.”

ಹೊರಬಂದಾಗ ಮೌನಿ ಚೀಲ ಹೆಗಲಿಗೇರಿಸಿ ನಿಂತಿದ್ದ.

“ಕೂತ್ಕೊಳ್ಳಿ. ಇನ್ಮೇಲೆ ದೊರೆಗೆ ಗ್ಲೌಸ್ ಹಾಕಿ.”

“ಯಾಕೆ?”

“ಈ ಕೈ ಇನ್ನು ಕನ್ನ ಹಾಕೋಕೆ ಬರಲ್ಲ,” ಎಂದು ಅದನ್ನು ಅವನ ಮುಂದೆ ಚಾಚಿದಳು. ಕುಂಚದಿಂದ ಬೆರಳ ಮೇಲೆ ತೊಟ್ಟಿಕ್ಕಿದ್ದ ಮಸಿ ಇನ್ನೂ ಆರಿರಲಿಲ್ಲ. ಅವನು ಹಿಡಿದುಕೊಂಡ.

ಅಜ್ಜಿ ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ?” ಎಂದಳು ರಟ್ಟಿಗೆ ಅಂಟು ಹಚ್ಚುವಾಕೆ.

“ಆಮೇಲೇನೇ? ಇನ್ನು ಅದು ಅವರ ಮನೆ ಮಾತು. ನೀವು ನಿಮ್ಮ ಮನೆಗೆ ಹೊರಡಿ.”

ಕೇಳುಗರು ನಗುತ್ತ ಎದ್ದು, ಚಪ್ಪಲಿ ಮೆಟ್ಟಿ, ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು.